ಅತ್ತೆಯ ಲಿಂಗ ಕಳೆದ ಮಧ್ಯಾಹ್ನ

ನಾನು ನಿಂತಿದ್ದದ್ದು ನಿಂಬರ್ಗಾದ ಪಡುವಣ ದಿಕ್ಕಿಗಿರುವ ನಮ್ಮ ಹೊಲದ ಬದುವಿನ ಮೇಲೆ. ಬೆನ್ನಿಗೆ ಬೇವಿನ ಮರ, ಎದುರಿಗೆ ತೊಗರಿ ಕೊಯ್ದು ಖಾಲಿಯಾದ ನೆಲ, ಬಲಗಡೆ ತೊಗರಿ ಕಟ್ಟಿಗೆಯ ಬಣವೆ. ಯುಗಾದಿ ಹತ್ತಿರ ಬಂದಿತ್ತು, ರಂಜಾನ್ ತಿಂಗಳೂ ನಡೆದಿತ್ತು. ಈಚಿನ ವರ್ಷಗಳಲ್ಲಿ ಇವೆರಡೂ ಒಂದೇ ಬಿಸಿಲಿನಲ್ಲಿ ಬರುತ್ತಿವೆ. ಹೊತ್ತು ನೆತ್ತಿಯಿಂದ ಸ್ವಲ್ಪವೇ ವಾಲಿತ್ತು. ಮರದ ನೆರಳು ಇನ್ನೂ ಬುಡ ಬಿಟ್ಟಿರಲಿಲ್ಲ.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ದಿನ ನಾನು ಕಂಡದ್ದನ್ನು ನನ್ನ ಅಕ್ಕ ನಂಬುವುದಿಲ್ಲ. ತಾನು ಅತ್ತೆಗೆ ಮೋಸ ಮಾಡಿದೆ, ಅತ್ತೆ ಅದನ್ನು ಅರಿಯದೆಯೇ ಮಣ್ಣಿಗೆ ಹೋದಳು ಎಂದು ಅವಳು ತಿಳಿದಿದ್ದಾಳೆ. ಅತ್ತೆಗೆ ಎಲ್ಲ ಗೊತ್ತಿತ್ತು ಎಂದು ನಾನು ಹೇಳಿದರೆ, "ನನ್ನ ಸಮಾಧಾನಕ್ಕ ಹೇಳ್ತಿ, ಬಿಡು" ಎನ್ನುತ್ತಾಳೆ. ಆದ್ದರಿಂದ ಕಂಡಷ್ಟನ್ನೇ, ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ನಮ್ಮ ತಾಯಿ ಹೋದ ಮೇಲೆ ನಮ್ಮಿಬ್ಬರನ್ನೂ ಬೆಳೆಸಿದವಳು. ನಾನು ಅಫಜಲಪುರದಲ್ಲಿ ಮಾಸ್ತರಿಕೆ ಮಾಡುತ್ತೇನೆ, ಅಕ್ಕನನ್ನು ಜೇವರ್ಗಿ ಕಡೆ ಕೊಟ್ಟಿದೆ. ಪ್ರತಿ ವರ್ಷ ಬೇಸಿಗೆ ಮೊದಲಾಗುವಾಗ ಒಂದು ದಿನ ಇಬ್ಬರೂ ಊರಿಗೆ ಬಂದು ಅತ್ತೆಯ ಜೊತೆ ಹೊಲಕ್ಕೆ ಹೋಗಿ, ಅಲ್ಲಲ್ಲಿ ಉಳಿದ ತೊಗರಿ ಕಟ್ಟಿಗೆ ಒಟ್ಟಿ ಬರುತ್ತಿದ್ದೆವು. ಮನೆಯಲ್ಲಿ ಗ್ಯಾಸ್ ಇತ್ತು. ಆದರೂ ರೊಟ್ಟಿಗೆ ಮಾತ್ರ ತೊಗರಿ ಕಟ್ಟಿಗೆಯ ಉರಿಯೇ ಬೇಕೆಂದು ಅತ್ತೆಯ ಹಟ.

"ಗ್ಯಾಸಿನ ರೊಟ್ಟಿ ತಿಂದ ತಿಂದs ನಿಮ್ಮ ಮಾರಿ ಹಂಗ ಆಗ್ಯಾವು" ಎಂದು ಆ ಬೆಳಿಗ್ಗೆಯೂ ಅಂದಳು.

"ಹೆಂಗ ಆಗ್ಯಾವಬೇ?" ಎಂದು ಅಕ್ಕ ಕೇಳಿದಳು.

"ಹಿಂಗs. ಅರ್ಧ ಬೆಂದಂಗ."

ಬೇವು ಹೂ ಬಿಟ್ಟಿತ್ತು. ಅದರ ಪುಡಿ ಅಕ್ಕನ ತಲೆಯ ಮೇಲೆ ಉದುರಿ, ಹಿಟ್ಟು ಜರಡಿ ಹಿಡಿದವಳಂತೆ ಕಾಣುತ್ತಿದ್ದಳು. ಆಚೆ ಹೊಲದಲ್ಲಿ ಕುಸುಬಿ ಕೊಯ್ಲು ಮುಗಿದಿರಲಿಲ್ಲ. ದೂರದ ರಸ್ತೆಯಲ್ಲಿ ಆಳಂದದ ಬಸ್ಸು ಬಿಸಿಲ್ಗುದುರೆಯೊಳಗೆ ನೀರಿನಲ್ಲಿ ಬರುವಂತೆ ಅಲುಗುತ್ತಾ ಬಂದು, ಕಳೆದುಹೋಯಿತು. ದಿನವೆಲ್ಲ ಇಂಥದ್ದೇ ಆಗಿದ್ದರೆ ನನಗೆ ಇದಾವುದೂ ನೆನಪಿರುತ್ತಿರಲಿಲ್ಲ.

ನಮ್ಮ ಕಡೆಯ ಎರೆಭೂಮಿ ಬೇಸಿಗೆಗೆ ಬಿರಿಯುತ್ತದೆ. ಚಳಿ ಹೋಗುವಾಗ ಗೆರೆಯಷ್ಟಿದ್ದದ್ದು ಯುಗಾದಿಗೆ ಕೈ ಇಳಿಯುವಷ್ಟಾಗುತ್ತದೆ. ಆಳ ಎಷ್ಟೆಂದು ಯಾರೂ ನೋಡಿಲ್ಲ. ಕುರಿಮರಿಯ ಕಾಲು ಸಿಕ್ಕು ಮುರಿದದ್ದುಂಟು, ಕುಡುಗೋಲು ಬಿದ್ದು ಮತ್ತೆ ಸಿಗದೆ ಹೋದದ್ದುಂಟು. ಮಳೆ ಬಂದಾಗ ನೆಲ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಹೋದದ್ದು ಒಳಗೇ.

ಅತ್ತೆ ತನ್ನ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟವಳಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಗಂಟು ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು, ಮೊದಲ ನೀರು ಅದಕ್ಕೆ ಹನಿಸಿ, ಆಮೇಲೆ ತಾನು ಕುಡಿದು ಉಣ್ಣುವುದು. ನಾವು ಬುತ್ತಿ ಬಿಚ್ಚಿದ್ದೆವು. ರೊಟ್ಟಿ, ಹಿಂಡಿಪಲ್ಯ, ಒಣಗಿದ ಶೇಂಗಾ ಹಿಂಡಿ. ಅತ್ತೆ ಗಂಟಿಗೆ ಕೈ ಹಾಕಿದಳು. ಬಟ್ಟೆ ಬಿಚ್ಚಿತು. ಒಳಗೆ ಏನೂ ಇರಲಿಲ್ಲ. ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಬೆಳಿಗ್ಗೆಯಿಂದ ಎದೆಗೊತ್ತಿ ಹೊತ್ತು ತಂದ ಕಟ್ಟಿಗೆಯ ಚೂಪು ಹಳೆಯ ಬಟ್ಟೆಯನ್ನು ಹರಿದಿತ್ತು.

ಅವಳು ಬಟ್ಟೆಯನ್ನು ತಿರುವಿ ನೋಡಿದಳು. ಸೆರಗು ಝಾಡಿಸಿದಳು. ಬಾಯಿಗೆ ಬಂದ ಉಗುಳನ್ನು ಮಗ್ಗುಲಿಗೆ ಉಗಿದಳು. ನನಗೆ ಅರ್ಥವಾದದ್ದು ಆಗ. ಅವಳು ಕಲಿತ ಕಟ್ಟಳೆಯಲ್ಲಿ, ಮೈಮೇಲೆ ಲಿಂಗವಿಲ್ಲದಾಗ ನೀರಿಲ್ಲ, ಅನ್ನವಿಲ್ಲ, ಉಗುಳು ಸಹ ನುಂಗುವಂತಿಲ್ಲ. ಈಗ ಯಾರೂ ಅಷ್ಟು ಬಿಗಿ ಹಿಡಿಯುವುದಿಲ್ಲ. ಅವಳು ಹಿಡಿದಿದ್ದಳು.

ಅವಳು ನಡೆದ ಜಾಡಿನ ಮೇಲೆ ನಾವು ಬಗ್ಗಿ ಹುಡುಕತೊಡಗಿದೆವು. ಲಿಂಗಕ್ಕೆ ಕರಿಯ ಲೇಪ, ಸಣ್ಣ ಮಣ್ಣುಹೆಂಟೆಯ ಗಾತ್ರ. ನೆಲವೂ ಕರಿ, ಹೆಂಟೆಗಳೂ ಕರಿ. ಕಾಣಿಸಿದ ಪ್ರತಿ ಹೆಂಟೆಯೂ ಅದೇ ಅನ್ನಿಸುತ್ತಿತ್ತು. ಮುಟ್ಟಿದರೆ ಬೆರಳಲ್ಲಿ ಪುಡಿಯಾಗುತ್ತಿತ್ತು.

ಪಕ್ಕದ ಹೊಲದವರು ನಮ್ಮ ಬಗ್ಗಾಟ ನೋಡಿ ಬಂದರು. ನಾವು ಚಿಕ್ಕಂದಿನಿಂದ ಚಾಚಾ ಎಂದೇ ಕರೆದವರು. ರಂಜಾನಿನ ರೋಜಾ ಉಪವಾಸ ಇದ್ದರು, ತುಟಿ ಬಿಳಿಚಿತ್ತು. ವಿಷಯ ಕೇಳಿ ಹಿಂದಿರುಗಿ, ಒಂದು ಹಾರೆ ಹಿಡಿದು ಬಂದು, ಬಿರುಕುಗಳ ಅಂಚು ಕೆಡವಿ ಅಗಲ ಮಾಡತೊಡಗಿದರು. "ಕಂಡ್ರ ನಾ ಮುಟ್ಟಂಗಿಲ್ಲ, ಕರೀತೇನಿ. ನೀವs ಎತ್ರಿ" ಎಂದರು. ಅಗೆದ ಪ್ರತಿ ಜಾಗಕ್ಕೂ ನನ್ನನ್ನು ಕರೆದು ತೋರಿಸಿದರು.

ಅತ್ತೆಯನ್ನು ಮರದ ಬುಡಕ್ಕೆ ಕೂರಿಸಿದ್ದೆವು. ಹಿಂದಿನ ಬೇಸಿಗೆಯಲ್ಲಿ ಅವಳು ಬಿಸಿಲಿಗೆ ಎಚ್ಚರ ತಪ್ಪಿ ಆಳಂದದ ದವಾಖಾನೆ ಸೇರಿದ್ದಳು. ನೀರು ಬಿಡಬಾರದೆಂದು ಡಾಕ್ಟರು ಕೈಮುಗಿದು ಹೇಳಿದ್ದರು. ಅದು ನಮಗೆ ಮೂವರಿಗೂ ಗೊತ್ತಿತ್ತು. ಅಕ್ಕ ತಂಬಿಗೆ ಹಿಡಿದು ಅವಳ ಮುಂದೆ ಕೂತಳು.

"ಒಂದು ಗುಟುಕು ಕುಡಿಬೇ. ನಿನ್ನ ಕಾಲಿಗೆ ಬೀಳ್ತೇನಿ."

"ಬೀಳಬ್ಯಾಡ. ಹುಡುಕು ಹೋಗು."

ನಾನು ಊರಿನ ಅಯ್ಯನವರಿಗೆ ಫೋನು ಹಚ್ಚಿದೆ. ಲಗ್ನ ಮಾಡಿಸಲು ಅಫಜಲಪುರಕ್ಕೆ ಹೋಗಿದ್ದರು. ಹೊಸ ಲಿಂಗ ತರುತ್ತೇನೆ, ಬರುವುದು ಕತ್ತಲಾಗುತ್ತದೆ, ಅಲ್ಲಿತನಕ ನೀರು ಕುಡಿಯಲಿ, ತಾನು ಹೇಳಿದೆನೆಂದು ಹೇಳಿ ಎಂದರು. ಹೇಳಿದೆ.

"ಅಯ್ಯನೋರು ಲಗ್ನದ ಮನ್ಯಾಗ ಪಂಕಾದ ಬುಡಕ ಕುಂತು ಹೇಳ್ತಾರ" ಎಂದಳು ಅತ್ತೆ. ನಾಲಿಗೆ ಆಗಲೇ ಅಂಟುತ್ತಿತ್ತು. ಚಾಚಾ ಕಡೆ ಕೈ ತೋರಿಸಿದಳು. "ಅಂವ ನೋಡು, ಕುಡೀಲಾರದ ಅಗೀಲಿಕತ್ಯಾನ. ನಾ ಸುಮ್ನ ಕುಂತೀನಿ. ನನಗೇನ ಧಾಡಿ?"

ಚಾಚಾ ಹಾರೆಗೆ ಆತು ನಿಂತರು. "ನಂದು ಹೊತ್ತು ಮುಣಗಿದ್ರ ಬಿಡತದರಿ ಅಕ್ಕಾ. ನಿಮ್ಮದು ಯಾವಾಗ ಬಿಡತದ?"

ಅತ್ತೆ ಖಾಲಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡಳು. ಯಾರಿಗೆಂದಿಲ್ಲದೆ ಹೇಳಿದಳು: "ಮಣ್ಣಿಗೆ ಹೋಗೂ ಮುಂದ ಎಡಗೈಯಾಗ ಅದs ಇರಬೇಕು ನೋಡ್ರಿ. ಬ್ಯಾರೇದು ಹಿಡಕೊಂಡು ಹ್ಯಾಂಗ ಕುಂದರ್ಲಿ?" ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ, ಎಡಗೈಯಲ್ಲಿ ಅವರದೇ ಲಿಂಗವಿಟ್ಟು ಹೂಳುತ್ತಾರೆ. ಅವಳು ಹೆದರಿದ್ದು ಬಾಯಾರಿಕೆಗಲ್ಲ, ಸಾವಿಗೂ ಅಲ್ಲ. ಆ ಹೊತ್ತಿಗೆ ಕೈ ಬರಿದಾಗಿರುತ್ತದೆ ಎಂದು.

ಮತ್ತೆ ಹುಡುಕಿದೆವು. ನಾನು ನೆಲಕ್ಕೆ ಕೆನ್ನೆ ಹಚ್ಚಿ ಮೊಬೈಲಿನ ಬೆಳಕು ಬಿಟ್ಟು ಬಿರುಕುಗಳೊಳಗೆ ನೋಡಿದೆ. ಬೆಳಕು ಸ್ವಲ್ಪ ದೂರ ಇಳಿಯುತ್ತಿತ್ತು, ಆಮೇಲೆ ಬಿರುಕು ಓರೆಯಾಗಿ ತಿರುಗುತ್ತಿತ್ತು. ಅಲ್ಲಿಂದ ಬಿಸಿ ಗಾಳಿ ಮುಖಕ್ಕೆ ಬರುತ್ತಿತ್ತು. ಎದ್ದು ಬದುವಿಗೆ ಬಂದು ತಿರುಗಿದಾಗ ಅತ್ತೆಯ ತಲೆ ಒಂದು ಕಡೆ ವಾಲಿತ್ತು. ಉಗಿಯಲು ಬಾಯಿ ತೆರೆದಳು, ಉಗುಳೇ ಇರಲಿಲ್ಲ.

ಆಗ ಅಕ್ಕ ಬಣವೆಯ ಹಿಂದೆ ಹೋದಳು. ನಾನು ನಿಂತ ಬದುವಿನಿಂದ ಬಣವೆಯ ಆ ಮಗ್ಗುಲು ಕಾಣುತ್ತದೆ, ಮರದ ಬುಡಕ್ಕೆ ಕಾಣುವುದಿಲ್ಲ. ಅವಳು ಕೊರಳಿಗೆ ಕೈ ಹಾಕಿದ್ದನ್ನು, ತನ್ನ ಬೆಳ್ಳಿಯ ಕರಡಿಗೆ ಬಿಚ್ಚಿದ್ದನ್ನು, ತನ್ನ ಲಿಂಗವನ್ನು ತೆಗೆದು ನೆಲದ ಮಣ್ಣಿನಲ್ಲಿ ಉಜ್ಜಿದ್ದನ್ನು ನೋಡಿದೆ. ಖಾಲಿ ಕರಡಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ಕೊರಳಿಗೆ ಸುತ್ತಿ, ಓಡುತ್ತಾ ಬಂದಳು.

"ಸಿಕ್ತಬೇ ಅತ್ತಿ! ಸಿಕ್ತು!"

ಅತ್ತೆ ಎಡಗೈ ಚಾಚಿದಳು. ಅಕ್ಕ ಲಿಂಗವನ್ನು ಅಂಗೈಯಲ್ಲಿಟ್ಟಳು. ಅತ್ತೆ ಅದನ್ನು ಹೆಬ್ಬೆರಳಿಂದ ಒಮ್ಮೆ ಸವರಿದಳು. ಲಿಂಗದ ಕಡೆಗಿಂತ ಹೆಚ್ಚು ಹೊತ್ತು ಅಕ್ಕನ ಕೊರಳಿನ ಸೆರಗಿನ ಕಡೆ ನೋಡಿದಳು.

"ಎಲ್ಲಿ ಇತ್ತು?"

"ಅಲ್ಲೇ, ಹೊರಿ ಇಳಿಸಿದ್ದೆವಲ್ಲ, ಅಲ್ಲಿ."

"ಹೂಂ. ನನ ಕಣ್ಣಿಗೆ ಬೀಳಲಿಲ್ಲ ನೋಡು. ತಾ, ನೀರು ತಾ."

ಅಕ್ಕ ತಂಬಿಗೆ ಕೊಟ್ಟಳು. ಕೊಟ್ಟವಳೇ ಅಳು ತಡೆಯಲಾರದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮರದ ಆಚೆ ಮಗ್ಗುಲಿಗೆ ಹೋಗಿ ಬೊಡ್ಡೆಗೆ ಹಣೆ ಹಚ್ಚಿ ನಿಂತಳು. ಮುಂದಿನದನ್ನು ಅವಳು ನೋಡಲಿಲ್ಲ.

ಅತ್ತೆ ಬೇರಿಗೆ ಕೈ ಕೊಟ್ಟು ಎದ್ದಳು. ನಾನು ಹಿಡಿಯಲು ಹೋದೆ, ತಲೆಯಾಡಿಸಿ ಬೇಡವೆಂದಳು. ಲಿಂಗದ ಕೈಯನ್ನು ಎದೆಗೊತ್ತಿಕೊಂಡು, ಬಲಗೈಯಲ್ಲಿ ತಂಬಿಗೆ ಹಿಡಿದು, ಚಾಚಾ ಅಗೆಯುತ್ತಿದ್ದ ಬಿರುಕಿನ ತನಕ ನಡೆದಳು. ಬಗ್ಗಿ, ತಂಬಿಗೆಯ ಮೊದಲ ನೀರನ್ನು ಬಿರುಕಿನೊಳಗೆ ಸುರಿದಳು. ಚೆಲ್ಲಿದ್ದಲ್ಲ, ಕೈ ನಡುಗಿ ಬಿದ್ದದ್ದೂ ಅಲ್ಲ. ನಿಧಾನವಾಗಿ, ಧಾರೆ ಕಡಿಯದಂತೆ, ದಿನಾ ಅಂಗೈಯ ಲಿಂಗಕ್ಕೆ ಸುರಿಯುತ್ತಿದ್ದಂತೆ ಸುರಿದಳು. ನೆಲ ಅದನ್ನು ಸದ್ದಿಲ್ಲದೆ ಕುಡಿಯಿತು. ಅವಳು ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

ಆಮೇಲೆ ನೆಟ್ಟಗೆ ನಿಂತು, ಎಡಗೈ ಬಿಚ್ಚಿ, ಅಕ್ಕನ ಲಿಂಗಕ್ಕೆ ನೀರು ಹನಿಸಿ, ಮಣ್ಣು ತೊಳೆದು, ಕುಡಿದಳು. ತಂಬಿಗೆ ಬರಿದಾಗುವ ತನಕ ಕುಡಿದಳು.

ಚಾಚಾ ಹಾರೆ ಕೆಳಗಿಟ್ಟಿದ್ದರು. ಅತ್ತೆ ಅವರಿಗೆ ಹೇಳಿದ್ದು ಸಣ್ಣ ದನಿಯಲ್ಲಿ, ಆದರೆ ನಾನು ಅವಳ ಹಿಂದೆಯೇ ಇದ್ದೆ.

"ನನಕಿಂತ ಅದಕ್ಕ ಅವಸರ ಆಗಿತ್ತು ತಮ್ಮಾ. ಮಣ್ಣಿಗೆ ಮೊದಲs ಹೋತು."

ಚಾಚಾ ಒದ್ದೆಯಾದ ಬಿರುಕಿನ ಕಡೆ ನೋಡಿದರು.

"ಆಕಿಗೆ ಹೇಳಬ್ಯಾಡ. ನೀ ಹೇಳಂಗಿಲ್ಲಂತ ನನಗ ಗೊತ್ತದ, ಆದ್ರೂ ಅಂದೆ."

"ಹೇಳಂಗಿಲ್ಲರಿ" ಎಂದರು ಚಾಚಾ.

ಅಷ್ಟೇ. ಅವರು ಹಾರೆ ಹೆಗಲಿಗಿಟ್ಟು ತಮ್ಮ ಹೊಲಕ್ಕೆ ಹೋದರು. ನಾವು ರೊಟ್ಟಿ ತಿಂದೆವು. ಬಿಸಿಲಿಗೆ ಸೆಟೆದು ಹಪ್ಪಳದಂತಾಗಿದ್ದವು. ಅತ್ತೆ ಹಿಂಡಿಗೆ ಉಪ್ಪು ಹೆಚ್ಚಾಗಿದೆ ಎಂದಳು. ಅಕ್ಕ ಅತ್ತೂ ನಕ್ಕೂ ಹೌದೆಂದಳು. ಸಂಜೆ ಅಯ್ಯನವರಿಗೆ ಬರಬೇಡಿ, ಸಿಕ್ಕಿತು ಎಂದು ಅತ್ತೆಯೇ ನನ್ನಿಂದ ಫೋನು ಮಾಡಿಸಿದಳು. ಅಕ್ಕ ಗಂಡನ ಊರಿಗೆ ಮರಳಿದ ಮೇಲೆ ಅಂದೋಲಾದ ಮಠಕ್ಕೆ ಹೋಗಿ ತನಗೆ ಹೊಸ ಲಿಂಗ ಕಟ್ಟಿಸಿಕೊಂಡಳು.

ಅತ್ತೆ ಆ ಮಳೆಗಾಲ ದಾಟಲಿಲ್ಲ. ಜ್ವರವೆಂದು ಮಲಗಿದವಳು ಏಳಲಿಲ್ಲ. ಅದೇ ಹೊಲದಲ್ಲಿ ಕುಣಿ ತೋಡಿದೆವು. ಮಳೆಗೆ ನೆಲ ಉಬ್ಬಿ ಬಿರುಕೆಲ್ಲ ಮುಚ್ಚಿತ್ತು. ಯಾವ ಬಿರುಕು ಎಲ್ಲಿತ್ತೆಂದು ಹೇಳಲು ಬರುತ್ತಿರಲಿಲ್ಲ. ಅವಳನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟಾಗ ಅಕ್ಕ ಕುಣಿಯ ಅಂಚಿಗೆ ಕುಸಿದು, "ಅದು ಆಕಿದಲ್ಲ, ಅದು ಆಕಿದಲ್ಲ" ಎಂದು ಹಲುಬಿದಳು. ನೆರೆದವರು ದುಃಖಕ್ಕೆ ಏನೋ ಆಡುತ್ತಿದ್ದಾಳೆ ಎಂದುಕೊಂಡು ಹಿಡಿದು ಕರೆದೊಯ್ದರು.

ಅಂದು ರಾತ್ರಿ ಕಳೆದು ಬೆಳಗಾದ ಮೇಲೆ, ನಾನು ಕಂಡದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. ಆಮೇಲೆ ಎದ್ದು ನೇರ ಚಾಚಾರ ಹೊಲಕ್ಕೆ ಹೋದಳು. ನಾನೂ ಹಿಂದೆ ಹೋದೆ. "ಚಾಚಾ, ಅತ್ತಿ ಅವತ್ತ ನಿಮಗೇನರೆ ಅಂದಿದ್ದಳೇನು?" ಎಂದು ಕೇಳಿದಳು. ಚಾಚಾ ನನ್ನ ಕಡೆ ನೋಡಲಿಲ್ಲ. ಕೈಯೊಳಗಿನ ಮಣ್ಣು ಉದುರಿಸುತ್ತಾ, "ನನಗೇನೂ ನೆಪ್ಪಿಲ್ಲವ್ವಾ" ಎಂದರು. ಅಲ್ಲಿಗೆ ಅಕ್ಕನ ಪಾಲಿಗೆ ನನ್ನ ಮಾತು ಸುಳ್ಳಾಯಿತು. ಈಗಲೂ ಅವಳು ಊಟಕ್ಕೆ ಕೂತಾಗ ತನ್ನ ಲಿಂಗಕ್ಕೆ ನೀರು ಹನಿಸಿ, ಕೈ ತಡೆದು, ತಂಬಿಗೆಯನ್ನು ನೋಡುತ್ತಾ ಕೂರುತ್ತಾಳೆಂದು ಅವಳ ಮನೆಯವರು ಹೇಳುತ್ತಾರೆ.

ಚಾಚಾ ಕೊಟ್ಟ ಮಾತು ಮುರಿಯಬೇಕೆಂದು ನಾನು ಅವರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಅಕ್ಕ ಇದನ್ನು ಓದಿದರೆ ಒಂದನ್ನು ತಿಳಿಯಲಿ: ಆ ಮಧ್ಯಾಹ್ನ ಮೊದಲ ನೀರು ಬಿರುಕಿಗೆ ಹೋದದ್ದನ್ನು ಕಂಡವನು ನಾನೊಬ್ಬನೇ ಅಲ್ಲ. ಪಕ್ಕದ ಹೊಲದ ಚಾಚಾ ಕಂಡಿದ್ದಾರೆ. ಅವರ ಕಣ್ಣು ಈಗ ಮಂಜಾಗಿದೆ, ಕಿವಿ ಸರಿ ಇದೆ, ಹೊಲಕ್ಕೆ ಇನ್ನೂ ಬರುತ್ತಾರೆ. ಅವರು ಇದ್ದಾರೆ.