ಕಾಗದದ ಹಿಮ ಸೋಸುವ ಐಲಾ

ಬಾಗಿಲು ಬಡಿದ ಸದ್ದು. ಅಮೆರಿಕದ ಡುಲೂತ್ ಊರಿಗೆ ಇನ್ನೂ ಬೆಳಕು ಹರಿದಿಲ್ಲ. ಐಲಾ ಕೊಸ್ಕೆಲಾ ಚಿಲಕ ತೆಗೆದರೆ ಹೊಸ್ತಿಲಲ್ಲಿ ರಂಗನಿರ್ವಾಹಕ ಡ್ವೈಟ್ ನೋವಾಕ್ ನಿಂತಿದ್ದಾರೆ. ಕುಶಲಪ್ರಶ್ನೆಯಿಲ್ಲ, ಪೀಠಿಕೆಯಿಲ್ಲ. ಅಂಗೈ ಬಿಚ್ಚಿ ಕಡಲೆಬೇಳೆ ಗಾತ್ರದ ಕಪ್ಪು ಚೂರೊಂದನ್ನು ತೋರಿಸುತ್ತಾರೆ.

"ನಿನ್ನೆ ಹಿಮದ ಕುಣಿತದಲ್ಲಿ ನರ್ತಕಿ ಸೆಲೆಸ್ಟ್ ಕಾಲಡಿಗೆ ಸಿಕ್ಕಿದ್ದು ಇದೇ. ಪಾದ ಉಳುಕಿದೆ. ಇವತ್ತಿನ ಆಟಕ್ಕೆ ಮುಂಚೆ ನಮ್ಮ ಒಡತಿ ಲೊರೇನ್‌ಗೆ ತಪ್ಪು ಮಾಡಿದವರ ಹೆಸರು ಬೇಕಂತೆ."

"ನನ್ನ ಹಿಮದಲ್ಲಿ ಕಸ ಇರಲ್ಲ ಡ್ವೈಟ್. ಹೋಗಿ ಲೈಟಿನ ಕರ್ಟಿಸ್‌ನ ಕೇಳು. ಜೇಬು ತುಂಬ ತಗಡು-ತಂತಿ ತುರುಕ್ಕೊಂಡೇ ಮೇಲಕ್ಕೆ ಹತ್ತೋದು ಅವನು."

ಅರವತ್ತರ ಗಡಿ ದಾಟಿದ ಐಲಾ ಈ ಊರಿನ ಕ್ರಿಸ್‌ಮಸ್ ಬ್ಯಾಲೆಗೆ ಹಿಮ ಸುರಿಸುವವರು. ರಷ್ಯಾದಲ್ಲಿ ಮೊದಲ ಬಾರಿ ರಂಗವೇರಿದಾಗ ವಿಮರ್ಶಕರು ಮೂಗು ಮುರಿದಿದ್ದ ಬ್ಯಾಲೆ ಅದು. ತವರಿನಲ್ಲಿ ಸಿಗದ ಮರ್ಯಾದೆ ಅಮೆರಿಕದಲ್ಲಿ ಸಿಕ್ಕಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇಲ್ಲಿ ಪೂರ್ತಿಯಾಗಿ ಕಾಲೂರಿ, ಬರಬರುತ್ತ ಶಾಲೆಯ ಮಕ್ಕಳೆಲ್ಲ ಇಲಿಗಳಾಗಿ ಕುಣಿಯುವ ಊರೂರಿನ ಹಬ್ಬವಾಯಿತು. ಎಷ್ಟೋ ತಂಡಗಳು ಈಗ ವರ್ಷವಿಡೀ ಉಣ್ಣುವುದು ಡಿಸೆಂಬರಿನ ಈ ಒಂದು ಬೆಳೆಯನ್ನೇ. ಐಲಾ ಅವರ ತಾಯಿ ಇದೇ ರಂಗಮಂದಿರದಲ್ಲಿ ಇಲಿಗಳ ಬಾಲ ಹೊಲಿದವರು.

ಹಿಮದ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ರಂಗದ ನೆತ್ತಿಗೆ ಕಟ್ಟಿದ ತೂತಿನ ಜೋಲಿಯನ್ನು ಹಗ್ಗ ಹಿಡಿದು ತೂಗಿದರೆ ಕಾಗದದ ಚೂರುಗಳು ಉದುರುತ್ತವೆ. ಆಟ ಮುಗಿದ ಮೇಲೆ ಅದನ್ನೇ ಗುಡಿಸಿ, ಜರಡಿ ಹಿಡಿದು, ಮತ್ತೆ ಮೇಲೇರಿಸಬೇಕು. ಗುಡಿಸುವಾಗ ಹೇರ್‌ಪಿನ್ನು, ಕೊಕ್ಕೆ, ಮೊಳೆಗಳೂ ಜೊತೆಗೂಡುತ್ತವೆ; ಅವು ಮೇಲಿನಿಂದ ಬಿದ್ದರೆ ಕಣ್ಣೇ ಹೋದೀತು. ಅದಕ್ಕಾಗಿ, ಅದಿರಿನ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಗಂಡ ತಂದುಕೊಟ್ಟ ಅಯಸ್ಕಾಂತದ ಬಿಲ್ಲೆಯನ್ನು ಐಲಾ ಪ್ರತಿ ಚೀಲದಲ್ಲೂ ಆಡಿಸುತ್ತಾರೆ.

"ಚಪ್ಪಾಳೆ ಕುಣಿಯೋರಿಗೆ ಬರ್ಲಿ," ಎನ್ನುತ್ತಾರೆ. "ನನ್ನ ಹಿಮದಿಂದ ಯಾರಿಗೂ ಒಂದು ಗೀರಾಗ್ಬಾರ್ದು, ಅಷ್ಟೇ."

ಆದ್ದರಿಂದಲೇ ಇಂದು ರಂಗಮಂದಿರದಲ್ಲಿ ಅವರ ಓರೆನೋಟದಿಂದ ಯಾರಿಗೂ ಬಿಡುಗಡೆಯಿಲ್ಲ. ಹೊಲಿಗೆಯವಳ ಮೇಜಿನ ಕೆಳಗೆ ಬಗ್ಗಿ ನೋಡುತ್ತಾರೆ. ಚೂರು ತಂದುಕೊಟ್ಟ ಡ್ವೈಟ್ ಮೇಲೂ ಸಂಶಯ: ಇಷ್ಟೊಂದು ಅವಸರ ಅವರಿಗೇಕೆ? ಅಷ್ಟರಲ್ಲಿ ಕರ್ಟಿಸ್ ಎದುರಾಗುತ್ತಾರೆ.

"ಏನ್ ಮುಮ್ಮೋ, ನನ್ನ ಹೆಸರು ಹೇಳ್ಬಿಟ್ಯಂತೆ?" ಐಲಾ ಅವರ ಮನೆಮಾತಾದ ಫಿನ್ನಿಷ್‌ನಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ, ಕರ್ಟಿಸ್ ಅದನ್ನು ಅವರಿಂದಲೇ ಕಲಿತದ್ದು.

"ಜೇಬು ತೋರ್ಸು."

"ತಗೋ. ಚ್ಯೂಯಿಂಗ್ ಗಮ್ಮು, ನನ್ನ ಮಗಳ ಕೈಗವಸು. ಬೇಡಿ ಹಾಕ್ತೀಯಾ?" ನಗುತ್ತಲೇ ಕೈಗವಸನ್ನು ಮತ್ತೆ ಜೇಬಿಗೆ ತುರುಕುತ್ತಾರೆ. "ಕೆಲಸ ಹೋದ್ರೆ ಕ್ರಿಸ್‌ಮಸ್ ದಿನ ಅವಳಿಗೆ ಏನಂತ ಹೇಳ್ಲಿ?"

ಐಲಾ ತಮ್ಮ ಕೋಣೆಗೆ ಬಂದು ಚೂರನ್ನು ಮೇಜಿನ ಮೇಲಿಡುತ್ತಾರೆ. ಅಲ್ಲಿ ಬಿದ್ದಿದ್ದ ಹೇರ್‌ಪಿನ್ನೊಂದು ಸರಕ್ಕನೆ ಜರುಗಿ ಅದಕ್ಕೆ ಕಚ್ಚಿಕೊಳ್ಳುತ್ತದೆ.

ಐಲಾ ಗೂಟದಲ್ಲಿ ನೇತಾಡುವ ಅಯಸ್ಕಾಂತದ ಬಿಲ್ಲೆಯನ್ನು ಇಳಿಸಿ ತಿರುಗಿಸುತ್ತಾರೆ. ಅಂಚು ಮುಕ್ಕಾಗಿದೆ. ಚೂರು ಆ ಮುಕ್ಕಿನಲ್ಲಿ ಹಲ್ಲಿನಂತೆ ಕೂರುತ್ತದೆ. ನಿನ್ನೆ ಎರಡು ಆಟಗಳ ನಡುವಿನ ಗಡಿಬಿಡಿಯಲ್ಲಿ, ಅಂಟಿದ ಪಿನ್ನುಗಳು ಉದುರಲೆಂದು ಬಿಲ್ಲೆಯನ್ನು ಕಸದ ತೊಟ್ಟಿಯ ಅಂಚಿಗೆ ಕುಟ್ಟಿದ್ದರು. ಪಕ್ಕದಲ್ಲೇ ಸೋಸಿದ ಹಿಮದ ಚೀಲ ಬಾಯ್ದೆರೆದು ನಿಂತಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಚೂರು ಕಾಣೆಯಾದರೆ ಕೇಳುವವರೂ ಇಲ್ಲ.

ಬಾಗಿಲಲ್ಲಿ ತಂಡದ ಒಡತಿ ಲೊರೇನ್ ಪೆಟಿಬೋನ್ ಬಂದು ನಿಲ್ಲುತ್ತಾರೆ, ಹಿಂದೆ ಕರ್ಟಿಸ್. "ಡ್ವೈಟ್ ಹತ್ರ ಅಂದಿದ್ದನ್ನ ನನ್ನೆದುರಿಗೆ ಹೇಳು ಐಲಾ. ಇದು ಯಾರ ಕೆಲಸವೋ ಅವರು ಇನ್ನು ರಂಗದ ನೆತ್ತಿಗೆ ಹೋಗೋ ಆ ಏಣಿ ಹತ್ತೋ ಹಾಗಿಲ್ಲ."

ಐಲಾ ಕರ್ಟಿಸ್ ಕಡೆ ತಿರುಗುತ್ತಾರೆ. "ಇವತ್ತು ಹಗ್ಗ ನೀನು ಹಿಡಿ. ಜೋರಾಗಿ ಎಳೀಬೇಡ, ತೊಟ್ಟಿಲು ತೂಗ್ದಂಗೆ ತೂಗು."

"ಹೆಸರು, ಐಲಾ."

"ಐಲಾ ಕೊಸ್ಕೆಲಾ."