ಬೀರುವಿನೊಳಗಿನ ವೈಫೈ

ಹೆಡ್ ಕ್ಲರ್ಕ್ ಸಾಹೇಬರು ಕಚೇರಿಯ ವೈಫೈ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ವೈರ್ ಹೋಗಲೆಂದು ಅದರ ಬೆನ್ನಿಗೊಂದು ತೂತು ಕೊರೆಸಿ, ಬೀಗ ಜಡಿದಿದ್ದಾರೆ. ‘ಹೊರಗಿಟ್ರೆ ಕಂಡೋರೆಲ್ಲ ಎಳ್ಕೊಂಡು ಸಿಗ್ನಲ್ ತೆಳ್ಳಗಾಗಿ ಹೋಗುತ್ತೆ ಕಣ್ರೀ’ ಎಂಬುದು ಅವರ ಸಿದ್ಧಾಂತ. ಕಬ್ಬಿಣದಿಂದ ನುಸುಳಿದ ಸಿಗ್ನಲ್ ಅವರ ಮೇಜಿನ ತನಕ ಬಂದು ಸುಸ್ತಾಗುವುದರಿಂದ ಸಿಬ್ಬಂದಿಯೆಲ್ಲ ಫೋನ್ ಹಿಡಿದು ಅವರ ಸುತ್ತಲೇ ನಿಲ್ಲಬೇಕು. ನಿಂತ ಮೇಲೆ ‘ಮೊಣಕಾಲು ನೋವು ಹೇಗಿದೆ ಸರ್?’ ಎಂದು ಕೇಳಲೇಬೇಕಲ್ಲ. ಅವರು ವಿವರವಾಗಿಯೇ ಹೇಳುತ್ತಾರೆ, ಹೊಸಬರಿಗೆ ಪಾಸ್‌ವರ್ಡ್ ಏನಿದ್ದರೂ ಆಮೇಲೆ. ಒಮ್ಮೆ ಲೈನ್ ಸರಿಮಾಡಲು ಬಂದ ಮೆಕ್ಯಾನಿಕ್ ಬೀಗ ತೆಗೆಸಿ, ‘ಇದನ್ನ ಬೀರುವಲ್ಲಿಡ್ತಾರಾ ಯಾರಾದ್ರೂ?’ ಎಂದು ನಕ್ಕು, ಪೆಟ್ಟಿಗೆಯನ್ನು ಗೋಡೆಯ ಮೇಲೆ ಎತ್ತರಕ್ಕೆ ಕೂರಿಸಿ ಹೋದ. ಸಿಗ್ನಲ್ ಮೂಲೆಮೂಲೆಗೂ ತಲುಪಿತು. ಮರುದಿನ ಸಾಹೇಬರ ಮೇಜಿನ ಬಳಿ ನೊಣವೂ ಸುಳಿಯಲಿಲ್ಲ, ಮೊಣಕಾಲನ್ನು ವಿಚಾರಿಸುವವರೂ ಇರಲಿಲ್ಲ. ಊಟಕ್ಕೆಂದು ಎಲ್ಲರೂ ಎದ್ದುಹೋದ ಮೇಲೆ ಅವರು ಆ ನೋವಿನ ಕಾಲಲ್ಲೇ ಕುರ್ಚಿ ಹತ್ತಿ, ಪೆಟ್ಟಿಗೆಯನ್ನು ಇಳಿಸಿ, ಮತ್ತೆ ಬೀರುವಿಗೆ ಸೇರಿಸಿ ಬೀಗ ಹಾಕಿದರು.