ಟ್ರಂಕಿಗೆ ಹೋಗದ ಪಿಸ್ತಾ

ನಮ್ಮ ಕಡೆ ಹೆಂಗಸು ಪಿಸ್ತಾ ತಿನ್ನಬೇಕೆಂದರೆ ಒಂದು ಕಾರಣ ಬೇಕು. ಬಾಣಂತಿಯಾಗಿರಬೇಕು, ಇಲ್ಲವೇ ಮದುವೆ ಗೊತ್ತಾದ ಹುಡುಗಿಯಾಗಿರಬೇಕು. ಗಂಗಾವತಿಯಲ್ಲಿ ಕುಪ್ಪಸ ಹೊಲಿದು ಬದುಕುವ, ಐವತ್ತು ದಾಟಿದ ನನ್ನಂಥವಳು ಸಂಜೆ ಕಟ್ಟೆಯ ಮೇಲೆ ಒಬ್ಬಳೇ ಕೂತು ಪಿಸ್ತಾ ಬಿಡಿಸಿ ತಿಂದರೆ ಓಣಿಗೆಲ್ಲ ಸುದ್ದಿ. ಆಗಲಿ ಬಿಡಿ. ನಾನು ತಿಂದೆ, ಇವತ್ತಿಗೂ ತಿನ್ನುತ್ತೇನೆ.

ಎರಡೂ ಕಣ್ಣಿಗೆ ಪೊರೆ ಬಂದು, ಕಳೆದ ವರ್ಷದ ಹೊತ್ತಿಗೆ ಎಲ್ಲವೂ ಮಸುಕಾಗಿತ್ತು. ಸೂಜಿಗೆ ದಾರ ಪೋಣಿಸಿಕೊಡಿ ಎಂದು ಗಿರಾಕಿಗಳನ್ನೇ ಕೇಳುವ ಸ್ಥಿತಿ. ಒಂದು ಕುಪ್ಪಸದ ತೋಳನ್ನು ಒಳಗುಹೊರಗು ಮಾಡಿ ಹೊಲಿದ ದಿನ ಮಿಷನ್ನಿಗೆ ಮುಚ್ಚಳ ಹಾಕಿ ಅತ್ತುಬಿಟ್ಟೆ. ಕೊಪ್ಪಳದ ಕಣ್ಣಿನ ಡಾಕ್ಟರು ರಿಪೋರ್ಟು ನೋಡಿ, "ಶುಗರ್ ಇಷ್ಟಿದ್ರ ಆಪರೇಷನ್ ಮಾಡಾಕ ಆಗಂಗಿಲ್ರಿ. ಇಳಿಸ್ಕೊಂಡು ಬರ್ರಿ," ಎಂದರು. ಸಂಜೆ ಏನು ತಿನ್ನುತ್ತೀರಿ ಎಂದೂ ಕೇಳಿದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಸಕ್ಕರೆ ಚಹಾ ಎಂದೆ.

"ಅದನ್ನ ಬಿಡ್ರಿ. ಅದರ ಬದಲಿ ಒಂದು ಹಿಡಿ ಪಿಸ್ತಾ ತಿನ್ರಿ, ಉಪ್ಪಿಲ್ಲದ್ದು. ಅದರಾಗ ನಾರು, ಒಳ್ಳೆ ಕೊಬ್ಬು ಇರತೈತಿ. ಶುಗರ್ ಒಮ್ಮೆಲೆ ಏರಂಗಿಲ್ಲ, ಹೊಟ್ಟಿನೂ ತುಂಬಿರತೈತಿ. ಆದ್ರ ಅದ ಔಷಧ ಅಂತ ತಿಳ್ಕೊಂಡು ಗುಳಿಗಿ ಬಿಡಬ್ಯಾಡ್ರಿ."

ಬಜಾರಿನ ಅಂಗಡಿಯವರು ಪಿಸ್ತಾ ತೂಗುತ್ತ, "ಮನ್ಯಾಗ ಯಾರ್ ಹಡದಾರ ಅಕ್ಕಾರ?" ಎಂದರು.

"ಯಾರೂ ಹಡದಿಲ್ರಿ. ನಾನ ತಿನ್ನಾಕಿ."

ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಸಿಪ್ಪೆಯಿದ್ದದ್ದನ್ನೇ ಕಟ್ಟಿಕೊಟ್ಟರು.

ಮನೆಗೆ ಬಂದರೆ ಅತ್ತೆ ಪೊಟ್ಟಣ ಇಸಿದುಕೊಂಡರು. ಎಂಬತ್ತು ದಾಟಿದವರು. ಬಾದಾಮಿ, ಗೋಡಂಬಿ, ಏನೇ ಬಂದರೂ ಅವರ ಬೀಗದ ಟ್ರಂಕಿಗೇ ಹೋಗಬೇಕು. ಅದು ಉಡಿ ತುಂಬಲಿಕ್ಕೆ, ಬೀಗರಿಗೆ, ಬಾಣಂತಿಗೆ. "ನೀ ಏನ್ ಬಾಣಂತಿ ಏನವಾ, ಬೊಗಸಿಗಟ್ಟಲೆ ತಿನ್ನಾಕ?" ಎಂದರು. ಕಣ್ಣಿಗಾಗಿ ಡಾಕ್ಟರು ಹೇಳಿದ್ದಾರೆ ಎಂದೆ. ಪೊಟ್ಟಣ ಹಿಡಿದುಕೊಂಡೇ ಒಳಗೆ ಹೋದರು. ಮರುದಿನ ಮಧ್ಯಾಹ್ನ ಅಡುಗೆಮನೆಯಿಂದ ತುಪ್ಪದ ವಾಸನೆ ಬಂತು. ಪಿಸ್ತಾವನ್ನು ಸಿಪ್ಪೆ ಸಮೇತ ಒರಳಲ್ಲಿ ಜಜ್ಜಿ, ಮೊರದಲ್ಲಿ ಕೇರಿ, ಬಾಣಂತಿ ಉಂಡಿಗೆ ಹಾಕುವ ಅಂಟು ಹುರಿದು, ಬೆಲ್ಲದ ಪಾಕದಲ್ಲಿ ಉಂಡಿ ಕಟ್ಟಿದ್ದರು.

"ಸಕ್ಕರಿ ಒಂದು ಕಾಳೂ ಹಾಕಿಲ್ಲ, ಬರೇ ಬೆಲ್ಲ. ಮುಂಜಾನಿಗೊಂದು, ಸಂಜಿಗೊಂದು ತಿನ್ನು. ಕಣ್ಣು ಛಲೋ ಆಗತಾವ."

ಬೆಲ್ಲದಿಂದ ಶುಗರ್ ಏರುವುದಿಲ್ಲ ಎಂಬುದು ಕುಷ್ಟಗಿಯಲ್ಲಿ ಕೇಳಿ, ಯಲಬುರ್ಗಾದಲ್ಲಿ ಕೇಳಿ, ಅದೇ ಮಾತು. ನಾನೂ ನಂಬಿದೆ. ಉಂಡಿಯೂ ಹಾಳಾದ್ದು ಭಾಳ ರುಚಿಯಾಗಿತ್ತು. ತಿಂಗಳು ಕಳೆದು ಕೊಪ್ಪಳಕ್ಕೆ ಹೋದರೆ ಶುಗರ್ ಮೊದಲಿಗಿಂತ ಹೆಚ್ಚು. ಡಾಕ್ಟರು ವಾಪಸು ಕಳಿಸಿದರು. ಬಸ್ಸು ಗಿಣಿಗೇರಾ ದಾಟುವಾಗ ಕಾರ್ಖಾನೆಯ ಚಿಮಣಿ ಯಾವುದು, ಮೋಡ ಯಾವುದು ತಿಳಿಯಲಿಲ್ಲ. ಹೀಗೇ ಕುರುಡಿಯಾಗುತ್ತೇನೆಂದು ಹೆದರಿದೆ. ಆಮೇಲೆ ಸಿಟ್ಟು ಬಂತು, ಬೇಡ ಎನ್ನಲು ಬಾರದ ನನ್ನ ಬಾಯಿಯ ಮೇಲೆಯೇ.

ಮರುದಿನ ಮತ್ತೆ ಪಿಸ್ತಾ ತಂದೆ. ಟ್ರಂಕಿಗೆ ಕೊಡಲಿಲ್ಲ, ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಇಟ್ಟೆ. ಮಂಡಕ್ಕಿ ಬಂದ್, ಚಹಾ ಸಪ್ಪೆ, ಅನ್ನ ಒಂದೇ ಹೊತ್ತು. ಭತ್ತ ಬೆಳೆಯುವ ಊರಲ್ಲಿ ಅನ್ನ ಬಿಟ್ಟು ರೊಟ್ಟಿ ಕೇಳುವುದೂ ಒಂದು ಜಗಳವೇ. ಮುಂಜಾನೆ ಕಾಲುವೆಯ ದಂಡೆಗುಂಟ ನಡೆದೆ. ಸಂಜೆ ಮರೆಯಲ್ಲಿ ಅಲ್ಲ, ಕಟ್ಟೆಯ ಮೇಲೆಯೇ ಕೂತು ಪಿಸ್ತಾ ತಿಂದೆ. "ಹರೇದಾಕಿ ಆಗಾಕ ಹೊಂಟಾಳ ನೋಡ್ರಿ," ಎಂದು ಎದುರು ಮನೆಯವಳು ಚಾಷ್ಟಿ ಮಾಡಿದಳು. "ಹೌದವಾ, ನೀನೂ ಬಾ," ಎಂದೆ. ಅತ್ತೆ ಮೂರು ದಿನ ಮಾತು ಬಿಟ್ಟರು. ನಾನು ಸಿಪ್ಪೆಯನ್ನು ಸ್ಟೀಲಿನ ತಟ್ಟೆಗೆ ಟಣ್ ಟಣ್ ಎನ್ನುವಂತೆ ಒಗೆಯುತ್ತಿದ್ದೆ, ಅವರಿಗೆ ಕೇಳಲಿ ಎಂದೇ.

ಗುಳಿಗೆ, ನಡಿಗೆ, ರೊಟ್ಟಿ, ಪಿಸ್ತಾ, ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತೋ ನನಗೆ ಗೊತ್ತಿಲ್ಲ. ಶುಗರ್ ಇಳಿಯಿತು. ಮೊದಲ ಕಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿ ವಾರವಾಗಿತ್ತು. ಸಂಜೆ ಕಟ್ಟೆಗೆ ಬಂದರೆ ಅತ್ತೆ ನನ್ನ ತಟ್ಟೆಯ ಮುಂದೆ ಕೂತು ಒಂದು ಪಿಸ್ತಾವನ್ನು ಆಕಡೆ ಈಕಡೆ ತಿರುಗಿಸುತ್ತಿದ್ದರು. ಎಷ್ಟೋ ದಿನದ ಮೇಲೆ ಅವರ ಕೈ ನನಗೆ ನಿಚ್ಚಳವಾಗಿ ಕಂಡಿತು. ಹೆಬ್ಬೆರಳಿನ ಉಗುರು ಸೀಳಿತ್ತು.

"ಇದನ್ನ ಹೆಂಗ ಬಿಡಿಸ್ತಾರವಾ?" ಎಂದು ಕೇಳಿದರು.

ಆ ಟ್ರಂಕಿನ ಕೀಲಿ ನಾನು ಈ ಮನೆಗೆ ಬರುವ ಮೊದಲಿನಿಂದಲೂ ಅವರ ಸೊಂಟದಲ್ಲಿದೆ. "ನಿಮ್ಮ ಬಾಣಂತನದಾಗ ತಿಂದಿಲ್ಲೇನ್ರಿ?" ಎಂದೆ.

"ನನಗ ಯಾರ್ ಕೊಡತಿದ್ರು? ಉತ್ತತ್ತಿ, ಕೊಬ್ಬರಿ, ಅಷ್ಟ."

ತಟ್ಟೆಗೆ ಸಿಪ್ಪೆ ಒಗೆದ ಸಂಜೆಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಪಿಸ್ತಾ ಬಿಡಿಸಿ ಅವರ ಅಂಗೈಯಲ್ಲಿಟ್ಟೆ.

"ತಿನ್ರಿ ಅತ್ತಿ. ಇದನ್ನ ತಿನ್ನಾಕ ಹಡೀಬೇಕಂತೇನಿಲ್ಲ."